ಪುಣಜನೂರಿನ ಹುಡುಗಿಯ ಬೇರಿಂಗುಗಳು

ಆ ಆಯುಧಪೂಜೆಯ ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಒಂದು ನಿಂಬೆಹಣ್ಣಿನ ವಿಷಯಕ್ಕೆ ವಾದ ಮಾಡಿದೆವು.

ಗುಂಡ್ಲುಪೇಟೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ತಂತಿ ಬಿಚ್ಚಿ ಹೊಸದು ಸುತ್ತುವುದು, ಸವೆದ ಬೇರಿಂಗ್ ಬದಲಿಸುವುದು ಕೆಲಸ. ಅವಳು ಚಾಮರಾಜನಗರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವ್ಯಾಯಾಮ ಶಿಕ್ಷಕಿ. ದಿನವೂ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಹೋಗಿ ಬರುತ್ತಿದ್ದಳು. ಅಲ್ಲಿ ಐದು ಹುಡುಗಿಯರಿಗೆ ಸ್ಕೇಟಿಂಗ್ ಕಲಿಸುತ್ತಿದ್ದಳು. ಮೂಲೆಗೊಂದು ಚಕ್ರವಿರುವ ಹಳೆಯ ಸ್ಕೇಟ್ ಅಲ್ಲ; ಬೂಟಿನ ಕೆಳಗೆ ಒಂದೇ ಸಾಲಿನಲ್ಲಿ ನಾಲ್ಕು ಚಕ್ರಗಳಿರುವ ಹೊಸ ಬಗೆಯದು. ಮೈಸೂರಿನ ಒಂದು ಕ್ಲಬ್ಬಿನವರು ಐದು ಜೋಡಿಯನ್ನು ಬಳಸಲು ಕೊಟ್ಟಿದ್ದರು. ಅವರ ಶರತ್ತು ಒಂದೇ. ದೀಪಾವಳಿ ಮುಗಿದ ಕೂಡಲೇ ಮೈಸೂರಿನಲ್ಲಿ ನಡೆಯುವ ಕೂಟದಲ್ಲಿ ನಮ್ಮ ನಾಲ್ವರ ರಿಲೇ ತಂಡ ಓಡಿ ಗುರಿ ಮುಟ್ಟಬೇಕು. ಗೆಲ್ಲಬೇಕೆಂದಿಲ್ಲ, ಮುಗಿಸಬೇಕು. ಇಲ್ಲದಿದ್ದರೆ ಸ್ಕೇಟುಗಳು ವಾಪಸ್ ಹೋಗುತ್ತವೆ, ತಂಡವೂ ಅಲ್ಲಿಗೆ ಮುಗಿಯುತ್ತದೆ. ನಮ್ಮದು ಆಗ ತಾನೇ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು. ಆ ಜಿಲ್ಲೆಯ ಹೆಸರು ಹಾಕಿಕೊಂಡು ಓಡುವ ಮೊದಲ ಸ್ಕೇಟಿಂಗ್ ತಂಡ ತನ್ನದಾಗಬೇಕೆಂದು ಅವಳಿಗೆ ಆಸೆಯಿತ್ತು.

ಪೂಜೆಯ ದಿನ ಐವರೂ ಸ್ಕೇಟ್ ಹೊತ್ತುಕೊಂಡು ನನ್ನ ಅಂಗಡಿಗೇ ಬಂದಿದ್ದರು. ನಾನು ವೈಂಡಿಂಗ್ ಮಷೀನಿಗೆ, ವೈಸಿಗೆ, ಸ್ಪ್ಯಾನರುಗಳಿಗೆ ವಿಭೂತಿ ಕುಂಕುಮ ಇಟ್ಟು ಮುಗಿಸುವಷ್ಟರಲ್ಲಿ ಅವಳು ಸ್ಕೇಟಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೊರಟಳು.

“ಬೇಡ ಕಣೆ,” ಎಂದೆ. “ರಸ ಸಿಡಿದು ಬೇರಿಂಗ್ ಒಳಕ್ಕೆ ಹೋದ್ರೆ ತುಕ್ಕು ಹಿಡಿಯುತ್ತೆ.”

“ಲಾರಿಗಿಡಬೌದು, ನನ್ನ ಮಕ್ಳ ಚಕ್ರಕ್ಕಿಡಬಾರ್ದಾ? ಯಾವೂರ ನ್ಯಾಯ ರೀ ಇದು?”

“ಲಾರಿ ಬೇರಿಂಗು ಗ್ರೀಸಲ್ಲಿ ಮುಳುಗಿರುತ್ತೆ. ಇದಕ್ಕಿರೋದು ಒಂದು ತೊಟ್ಟು ಎಣ್ಣೆ.”

ಅವಳು ಹುಡುಗಿಯರ ಕಡೆ ತಿರುಗಿದಳು. “ನೋಡ್ರಮ್ಮಾ, ಮದುವೆಯಾದಾಗಿಂದ ನನ್ ಮೇಲೆ ಒಂದಿನ ಇಷ್ಟು ಕಾಳಜಿ ತೋರಿಸಿಲ್ಲ ಈ ಮನುಷ್ಯ.”

ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಕೊನೆಗೆ ಅವಳು ನಿಂಬೆಹಣ್ಣುಗಳನ್ನು ಬೂಟಿನ ಒಳಗೆ ಇಟ್ಟು ಕರ್ಪೂರ ಹಚ್ಚಿದಳು. ಸಂಜೆ ಅವರೆಲ್ಲ ರಜೆಯಲ್ಲಿ ಅಭ್ಯಾಸ ಮಾಡಲೆಂದು ತಮ್ಮ ತಮ್ಮ ಜೋಡಿಯನ್ನು ಮನೆಗೆ ಒಯ್ದರು.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಅವಳು ತಲೆ ಒಡೆದುಹೋಗುತ್ತಿದೆ ಎಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಎದುರುಮನೆಯವರ ಜೀಪಿನಲ್ಲಿ ಮೈಸೂರಿಗೆ ಹೊರಟೆವು. ಬೇಗೂರು ದಾಟುವಾಗ ನನ್ನ ಕೈ ಹಿಡಿದುಕೊಂಡಿದ್ದಳು. ನಂಜನಗೂಡು ಸೇರುವಷ್ಟರಲ್ಲಿ ನಾನೊಬ್ಬನೇ ಹಿಡಿದುಕೊಂಡಿದ್ದೆ. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ತಿಥಿ ಮುಗಿದ ಮೇಲೆ, ಶಾಲೆಯಲ್ಲಿ ಸಂತಾಪ ಸಭೆ ಇಟ್ಟಿದ್ದಾರೆಂದು ಹೇಳಿಕಳಿಸಿದರು. ಹೋದೆ. ಕುರ್ಚಿಯ ಮೇಲೆ ಅವಳ ಫೋಟೋ, ಹಾರ. ಅದರ ಮುಂದೆ ನಾಲ್ಕು ಜೋಡಿ ಸ್ಕೇಟುಗಳನ್ನು ಸಾಲಾಗಿ ಇಟ್ಟಿದ್ದರು. ಬೋಲ್ಟುಗಳು, ಚೌಕಟ್ಟುಗಳು ಹಬ್ಬಕ್ಕೆ ಬೆಳಗಿದ ಪಾತ್ರೆಗಳ ಹಾಗೆ ಮಿನುಗುತ್ತಿದ್ದವು. ಸಭೆ ಮುಗಿಯುವವರೆಗೂ ನನ್ನ ಕಣ್ಣು ಅವುಗಳ ಮೇಲೇ ಇತ್ತು. ಬಂದವರೆಲ್ಲ ಹೋಗಿ ತಂಡದ ಹುಡುಗಿಯರೂ ಮುಖ್ಯೋಪಾಧ್ಯಾಯಿನಿಯೂ ಮಾತ್ರ ಉಳಿದ ಮೇಲೆ ಒಂದನ್ನು ಎತ್ತಿ ಚಕ್ರ ತಿರುಗಿಸಿದೆ. ಅರ್ಧ ಸುತ್ತು ತಿರುಗಿ ನಿಂತಿತು. ರಾಗಿಕಲ್ಲಿನೊಳಗೆ ಮರಳು ಸೇರಿದ ಹಾಗೆ ಸದ್ದಾಯಿತು.

“ಇವನ್ನ ಏನು ಮಾಡಿದ್ರಮ್ಮ?” ಎಂದು ಕೇಳಿದೆ.

ತಂಡದ ನಾಯಕಿ ಹತ್ತನೇ ತರಗತಿಯವಳು, ಹರವೆಯಿಂದ ಬರುವವಳು. ಅತ್ತು ಅತ್ತು ಅವಳ ಧ್ವನಿ ಒಡೆದಿತ್ತು. “ಉಣ್ಸೆಹಣ್ಣಾಕಿ ಉಜ್ಜಿ, ಬೋರ್‌ನೀರಲ್ಲಿ ಚೆಂದಾಗಿ ತೊಳ್ದೊ ಸಾ. ಆಮೇಲ ದೂಳು ಕೂರ್ಬಾರ್ದು ಅಂತ ಗೋಣಿಚೀಲ್ದಲ್ಲಿ ಕಟ್ಟಿ ಮಡಗಿದ್ದೊ. ಗಲೀಜು ಕಂಡ್ರ ಮೇಡಮ್ಮೋರಿಗ ಆಯ್ತಿರ್ನಿಲ್ಲ.”

ನಮ್ಮ ಕಡೆ ಹಿತ್ತಾಳೆಯ ದೀಪವನ್ನು ಹುಣಸೆಹಣ್ಣು ಹಾಕಿಯೇ ಬೆಳಗುವುದು. ಸತ್ತವರ ವಸ್ತುವನ್ನು ತೊಳೆದು ಇಡುವುದೂ ನಮ್ಮಲ್ಲಿರುವುದೇ. ಆ ಮಕ್ಕಳಿಗೆ ಬೇರೆ ಯಾವ ರೀತಿಯಲ್ಲಿ ದುಃಖ ತೋರಿಸಬೇಕೆಂದು ಗೊತ್ತಿರಲಿಲ್ಲ. ಆದರೆ ಬೇರಿಂಗ್ ಒಳಗಿನ ಗುಂಡುಗಳು ಉಕ್ಕಿನವು. ಹುಳಿ, ನೀರು, ಅದರ ಮೇಲೆ ಒದ್ದೆ ಗೋಣಿ.

“ಐದನೇ ಜೋಡಿ ಎಲ್ಲಿ?”

“ಪುಣಜನೂರವಳ್ದು ಅವ್ಳತ್ರನೇ ಅದ. ಮೇಡಮ್ಮೋರ್ ಫೋಟಾಕ್ಕ ಕೈಮುಗಿಯಾಕೂ ಬರ್ನಿಲ್ಲ ನೋಡಿ ಸಾ ಅವ್ಳು,” ಎಂದಳು ನಾಯಕಿ. “ತಲೆಮ್ಯಾಲ ಕೂರಿಸ್ಕಂಡಿದ್ರಲ್ಲ, ಅದ್ಕ.”

ಮುಖ್ಯೋಪಾಧ್ಯಾಯಿನಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ಈ ಸಲ ಬಿಟ್ಟುಬಿಡೋಣ. ಅವಳಿಲ್ಲದೆ ಹೋಗಿ ಮಕ್ಕಳು ಬಿದ್ದು ಕೈಕಾಲು ಮುರ್ಕೊಂಡ್ರೆ ನಾನೇನು ಹೇಳ್ಲಿ? ಗೌರವವಾಗಿ ವಾಪಸ್ ಕೊಟ್ಬಿಡೋಣ. ನಿಮ್ಮನ್ನ ಯಾರೂ ಏನೂ ಅನ್ನಲ್ಲ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹಬ್ಬದ ತನಕ ಸಮಯ ಕೊಡಿ ಎಂದು ಕೇಳಿಕೊಂಡು, ನಾಲ್ಕು ಜೋಡಿಗಳನ್ನು ಚೀಲಕ್ಕೆ ತುಂಬಿ ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಒಂದು ಚಕ್ರಕ್ಕೆ ಎರಡು ಬೇರಿಂಗ್, ಎಡಕ್ಕೊಂದು ಬಲಕ್ಕೊಂದು. ನಡುವೆ ಸಣ್ಣ ಲೋಹದ ಕೊಳವೆ. ಒಂದು ಜೋಡಿ ಸ್ಕೇಟಿಗೆ ಹದಿನಾರು ಬೇರಿಂಗ್. ಇವು ನನಗೆ ಹೊಸವಲ್ಲ. ಕೈಯಲ್ಲಿ ಹಿಡಿಯುವ ಡ್ರಿಲ್ಲಿಂಗ್ ಮಷೀನಿನಲ್ಲೂ ಇದೇ ಅಳತೆಯವು ಇರುತ್ತವೆ. ಬೋಲ್ಟು ಬಿಚ್ಚಿ, ಬೇರಿಂಗುಗಳನ್ನು ಒಳಗಿನಿಂದ ತಳ್ಳಿ ತೆಗೆದೆ. ಸುತ್ತಿಗೆ ಮುಟ್ಟಲಿಲ್ಲ; ಒಳಗಿನ ಬಳೆಗೆ ಪೆಟ್ಟು ಬಿದ್ದರೆ ಗುಂಡು ಓಡುವ ದಾರಿಯಲ್ಲಿ ಕುಳಿ ಬಿದ್ದು, ಆಮೇಲೆ ಅದು ಯಾವತ್ತೂ ನುಣ್ಣಗೆ ತಿರುಗುವುದಿಲ್ಲ. ಪ್ರತಿಯೊಂದರ ತಗಡಿನ ಮುಚ್ಚಳವನ್ನು ಹಿಡಿದಿರುವ ತೆಳುವಾದ ತಂತಿಯ ಉಂಗುರವನ್ನು ಹೊಲಿಗೆಸೂಜಿಯಿಂದ ಎತ್ತಿದೆ. ಒಳಗೆ ಕೆಂಪು ಕೆಸರು.

ಸೀಮೆಎಣ್ಣೆಯಲ್ಲಿ ತೊಳೆಯುವುದು ನನ್ನ ರೂಢಿ. ಮೊದಲ ಕಂತನ್ನು ಅದರಲ್ಲೇ ಹಾಕಿದೆ. ಕೊಳೆ ಬಿಟ್ಟಿತು, ಆದರೆ ಒಣಗಿದ ಮೇಲೆ ಜಿಡ್ಡು ಉಳಿಯಿತು. ತಿರುಗಿಸಿದರೆ ಎಳೆದ ಹಾಗೆ ನಿಂತುಬಿಡುತ್ತಿತ್ತು. ಮೋಟಾರಿಗಾದರೆ ಪರವಾಗಿಲ್ಲ, ಕರೆಂಟ್ ತಳ್ಳುತ್ತದೆ. ಇಲ್ಲಿ ತಳ್ಳುವುದು ಹುಡುಗಿಯ ತೊಡೆ. ಮತ್ತೆ ಎಲ್ಲವನ್ನೂ ಪೆಟ್ರೋಲಿನಲ್ಲಿ ಹಾಕಿ, ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿಯಲ್ಲಿ ಕುಲುಕಿ, ಬಣ್ಣ ಹೋಗುವವರೆಗೆ ಪೆಟ್ರೋಲ್ ಬದಲಿಸಿದೆ. ಹತ್ತಿಬಟ್ಟೆಯಲ್ಲಿ ಒರೆಸಿದರೆ ಎಳೆ ಸೇರುತ್ತದೆಂದು ಬಿಸಿಲಿನಲ್ಲಿ ಕಾಗದದ ಮೇಲೆ ಹರಡಿದೆ. ಪಕ್ಕದ ಅಂಗಡಿಯ ಟೈಲರ್ ಹೊಲಿಗೆಯಂತ್ರದ ಎಣ್ಣೆ ಕೊಟ್ಟರು. ಒಂದೊಂದಕ್ಕೂ ಒಂದೊಂದು ತೊಟ್ಟು ಬಿಟ್ಟು, ಪೆನ್ಸಿಲ್ಲಿಗೆ ಸಿಕ್ಕಿಸಿ, ತಿರುಗಿಸಿ, ಕಿವಿಯ ಹತ್ತಿರ ಹಿಡಿದೆ. ಕೆಲವು ಸದ್ದಿಲ್ಲದೆ ತಿರುಗಿದವು. ಕೆಲವು ಗೊಣಗಿದವು. ಕೆಲವು ತಿರುಗಲೇ ಇಲ್ಲ. ಗುಂಡುಗಳ ಮೈಮೇಲೆ ಸಾಸಿವೆಯಷ್ಟು ತುಕ್ಕಿನ ಗುಳಿಗಳು. ಅದನ್ನು ಯಾವ ಎಣ್ಣೆಯೂ ಸರಿ ಮಾಡುವುದಿಲ್ಲ.

ಅಷ್ಟರಲ್ಲಿ ದೀಪಾವಳಿ ಬಂದಿತ್ತು. ಮೈಸೂರಿನ ಎರಡು ಬೇರಿಂಗ್ ಅಂಗಡಿಗಳಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಹಬ್ಬ ಮುಗಿದ ಮೇಲೆ ಬಾಗಿಲು ತೆಗೆಯುತ್ತಾರೆ. ಆದರೆ ಕೂಟ ಇರುವುದು ಅವತ್ತೇ ಬೆಳಿಗ್ಗೆ. ಚಾಮರಾಜನಗರಕ್ಕೆ ಹೋಗಿ, ಪರಿಚಯದ ಬೇರಿಂಗ್ ಅಂಗಡಿಯವರ ಮನೆಯ ಬಾಗಿಲು ತಟ್ಟಿದೆ. ಎಣ್ಣೆಸ್ನಾನದ ತಲೆಯಲ್ಲೇ ಎದ್ದು ಬಂದರು.

“ಹಬ್ಬದ ದಿನ್ವೂ ಮೋಟ್ರಾ ಸಾಮಿ? ಒಂದಿನ ಬಾವಿಗೂ ರಜ ಕೊಡಿ.”

“ಮೋಟಾರಲ್ಲ. ಶಾಲೆ ಹುಡುಗೀರ ಚಕ್ರದ ಶೂ.”

ಅವರ ಮುಖ ಬದಲಾಯಿತು. “ಓ, ಅಕ್ಕಾವ್ರ ಮಕ್ಳುದ್ದಾ,” ಎಂದು ಬೀಗದ ಕೈ ತೆಗೆದುಕೊಂಡು ಬಂದು ಅಂಗಡಿಯ ಬಾಗಿಲು ತೆಗೆದರು. ಆ ಅಳತೆಯವು ಇದ್ದದ್ದು ಎರಡೇ ಡಬ್ಬಿ. ಎರಡೂ ರಬ್ಬರ್ ಮುಚ್ಚಳದವು.

“ಇದ್ನೇ ತಗಳಿ. ದೂಳು ನುಗ್ಗಲ್ಲ, ನೀರು ನುಗ್ಗಲ್ಲ, ವರ್ಸ ಗಟ್ಲೆ ನೋಡಂಗಿಲ್ಲ.”

ಒಂದನ್ನು ಬೆರಳ ಮೇಲೆ ತಿರುಗಿಸಿದೆ. ಒಳಗೆ ಗ್ರೀಸ್ ತುಂಬಿತ್ತು. ಒಂದು ಸುತ್ತಿಗೇ ನಿಂತಿತು. ಧೂಳಿನಲ್ಲಿ ಓಡುವ ಮೋಟಾರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಓಟಕ್ಕೆ ಆಗದು. ಆದರೂ ಎರಡೂ ಡಬ್ಬಿ ತೆಗೆದುಕೊಂಡೆ. ಬೇರೆ ದಾರಿ ಇರಲಿಲ್ಲ. ರಬ್ಬರನ್ನು ಸೂಜಿಯಿಂದ ಎತ್ತಿ, ಗ್ರೀಸನ್ನು ಪೆಟ್ರೋಲಿನಲ್ಲಿ ಪೂರ್ತಿ ತೊಳೆದು, ಎಣ್ಣೆ ಬಿಟ್ಟರೆ ಅವೂ ಹಗುರವಾಗಿ ತಿರುಗುತ್ತವೆ. ಬಾಳಿಕೆ ಕಡಿಮೆಯಾಗುತ್ತದೆ. ನನಗೆ ಬೇಕಾಗಿದ್ದದ್ದು ಒಂದು ಬೆಳಗಿನ ಬಾಳಿಕೆ.

ಇದ್ದವುಗಳಲ್ಲಿ ಸದ್ದಿಲ್ಲದೆ ತಿರುಗಿದವು, ಸ್ವಲ್ಪ ಮಾತ್ರ ಗೊಣಗಿದವು, ಹೊಸವು, ಎಲ್ಲ ಸೇರಿಸಿ ನಾಲ್ಕು ಜೋಡಿಗೂ ತುಂಬಿಸಿದೆ. ನನ್ನ ಹೆಂಡತಿ ಐವರನ್ನು ತಯಾರು ಮಾಡಿದ್ದಳು; ಓಡಲು ನಾಲ್ವರು, ಬದಲಿಗೆ ಒಬ್ಬಳು, ಐವರೂ ಹೋಗಲಿ ಎಂದು ನನ್ನ ಮನಸ್ಸು. ಕೂಟದ ಹಿಂದಿನ ದಿನ ಶಾಲೆಯ ಸಿಮೆಂಟ್ ಅಂಕಣದಲ್ಲಿ ಹುಡುಗಿಯರನ್ನು ಓಡಿಸಿ ನೋಡಿದೆವು. ಕಾಡಿನಂಚಿನ ಪುಣಜನೂರಿನ ಹುಡುಗಿಯೂ ಅಂದು ಬಂದಳು. ಎಂಟನೇ ತರಗತಿ, ಸಣ್ಣ ಮೈಕಟ್ಟು, ಬಟ್ಟೆಯ ಚೀಲದಲ್ಲಿ ತನ್ನ ಜೋಡಿ.

“ಅವತ್ಯಾಕ ಬರ್ನಿಲ್ಲ?” ಎಂದು ನಾಯಕಿ ಎಲ್ಲರ ಮುಂದೆ ಕೇಳಿದಳು.

“ಆನ ರೋಡಲ್ಲೇ ನಿಂತಿತ್ತು. ಬಸ್ಸು ಅತ್ಲಿಂದ ಬರ್ನೇ ಇಲ್ಲ.”

“ಯಾವಾಗ್ಲೂ ನಿನ್ನೇ ಯಾಕ ತಡೀತದಮ್ಮಿ ಆನ? ನಿಮ್ಮ ಸೋದರಮಾವ್ನಾ?”

ಉಳಿದವರು ನಕ್ಕರು. ಅವಳು ನಗಲಿಲ್ಲ, ಸ್ಕೇಟ್ ಕಟ್ಟಿಕೊಂಡಳು. ನಾನು ಅವಳ ಚಕ್ರವೊಂದನ್ನು ಬೆರಳಿನಿಂದ ತಿರುಗಿಸಿದೆ. ಅದು ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. ಅವಳ ಸ್ಕೇಟು ನೀರು ಕಂಡಿರಲಿಲ್ಲ. ಒಣಬಟ್ಟೆಯಲ್ಲಿ ಒರೆಸಿ ಇಟ್ಟಿದ್ದಳು, ಅಷ್ಟೇ.

ಎರಡನೇ ಸುತ್ತಿನ ತಿರುವಿನಲ್ಲಿ ನಾಯಕಿ ಬಿದ್ದಳು. ಕಾಲು ತಳ್ಳಿದ ಕ್ಷಣವೇ ಹಿಂದಿನ ಚಕ್ರ ಕಚ್ಚಿಕೊಂಡಿತು. ಸ್ಕೇಟು ನಿಂತಿತು, ಮೈ ಮುಂದಕ್ಕೆ ಹೋಯಿತು. ಮೊಣಕೈ ತರಚಿ ಸಿಮೆಂಟಿನ ಮೇಲೆ ರಕ್ತ. ಮುಖ್ಯೋಪಾಧ್ಯಾಯಿನಿ ಜಗುಲಿಯಿಂದ ಓಡಿ ಬಂದರು. ಅವರು ಬಾಯಿ ತೆರೆಯುವ ಮೊದಲೇ ಹುಡುಗಿ ಎದ್ದು ನಿಂತಿದ್ದಳು. “ಏನಾಗ್ನಿಲ್ಲ ಮೇಡಂ, ಏನಾಗ್ನಿಲ್ಲ.” ಹಲ್ಲು ಕಚ್ಚಿಕೊಂಡಿದ್ದಳು. ಮುಖ್ಯೋಪಾಧ್ಯಾಯಿನಿ ನನ್ನ ಮುಖ ನೋಡಿದರು. “ಸಂಜೆಯೊಳಗೆ ಹೇಳಿ. ಇನ್ನೊಂದ್ಸಲ ಹೀಗಾದ್ರೆ ನಾನು ಕಳಿಸಲ್ಲ.”

ಆ ಚಕ್ರ ಬಿಚ್ಚಿ ನೋಡಿದೆ. ಪೆನ್ಸಿಲ್ ಮೇಲೆ ಸದ್ದಿಲ್ಲದೆ ತಿರುಗಿದ್ದ ಬೇರಿಂಗ್ ಅದು. ಬರೀ ಕೈಯಲ್ಲಿ ತಿರುಗಿಸಿದರೆ ಗುಂಡಿನ ಗುಳಿ ಗೊತ್ತಾಗುವುದಿಲ್ಲ. ಮೇಲೆ ಒಂದು ಮೈಯ ಭಾರ ಬಿದ್ದಾಗಲೇ ಗೊತ್ತಾಗುವುದು. ಮೋಟಾರಿನ ಬೇರಿಂಗನ್ನು ಮೋಟಾರ್ ಓಡಿಸಿಯೇ ಪರೀಕ್ಷಿಸುತ್ತೇನೆ. ಹಾಗೇ ಮಾಡಬೇಕಿತ್ತು. ಅಂಕಣದ ಪಕ್ಕದಲ್ಲೇ ಗೋಣಿ ಹಾಸಿ ಕೂತು, ಒಂದೊಂದು ಚಕ್ರವನ್ನೂ ಬೋಲ್ಟಿಗೆ ಸಿಕ್ಕಿಸಿ, ಅಂಗೈಯಿಂದ ನನ್ನ ಭಾರವೆಲ್ಲ ಒತ್ತಿ ತಿರುಗಿಸಿದೆ. ಕೈಗೆ ನಡುಕ ತಿಳಿದದ್ದನ್ನೆಲ್ಲ ಪಕ್ಕಕ್ಕೆ ಎಸೆದೆ. ಸ್ವಲ್ಪ ಗೊಣಗುವವು ಪರವಾಗಿಲ್ಲ ಎಂದು ಇಟ್ಟುಕೊಂಡಿದ್ದವುಗಳಲ್ಲಿ ಒಂದೂ ಉಳಿಯಲಿಲ್ಲ. ಉಳಿದದ್ದನ್ನು ಸೇರಿಸಿದರೆ ನಾಲ್ವರಿಗೆ ಪ್ರತಿ ಕಾಲಿಗೆ ಮೂರು ಚಕ್ರ ಆಗುತ್ತಿತ್ತು. ಹಿಂದಿನ ಚಕ್ರ ಬರಿದು. ಎಂಟು ಚಕ್ರ, ಹದಿನಾರು ಬೇರಿಂಗ್ ಕಡಿಮೆ.

ಆ ಹದಿನಾರು ಎಲ್ಲಿವೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ನಾಲ್ಕು ಜೋಡಿ ಆಗುತ್ತೆ,” ಎಂದೆ. “ಐದು ಆಗಲ್ಲ. ನಾಲ್ವರು ಯಾರು ಅಂತ ಮೇಡಂ ಹೇಳಿದ್ರಾ?”

“ಇಲ್ಲ ಸಾ,” ಎಂದಳು ನಾಯಕಿ. “ಅವ್ರು ಅವತ್ತಿಂದವತ್ತಿಗ ಮೊಕ ನೋಡಿ ಏಳೋರು. ಒಂದಿನ ನನ್ನೇ ಕೂರಿಸ್ಬುಟ್ಟಿದ್ರು.” ಆಮೇಲೆ ಬೇರೆ ಕಡೆ ನೋಡುತ್ತಾ ಹೇಳಿದಳು, “ನಾವ್ ನಾಕು ಜನ ಮೊದ್ಲಿಂದ್ಲೂ ಜೊತೆಗಿದ್ದೀವಿ. ಇವ್ಳು ಬಂದಿದ್ದು ಜೂನ್ನಲ್ಲಿ. ಕೈ ಮುಟ್ಟಿಸೋವಾಗ ಎಲ್ಡು ಸಲ ತಪ್ಪಿಸ್ಬುಟ್ಟವ್ಳ.”

“ಎಲ್ಡು ಸಲ ಅಲ್ಲ, ಒಂದ್ಸಲ,” ಎಂದಳು ಪುಣಜನೂರಿನವಳು. “ಇನ್ನೊಂದ್ಸಲ ನೀನೇ ತಡ್ವಾಗಿ ಬಂದದ್ದು.”

“ವಾದ ಮಾಡಾಕ ಮಾತ್ರ ಮುಂದು ಕಣಮ್ಮಿ ನೀನು.”

ಅವಳು ಓಡುವುದನ್ನು ನಾನು ಅಂದೇ ನೋಡಿದ್ದೆ. ನಾಲ್ವರಲ್ಲಿ ಇಬ್ಬರಿಗಿಂತ ಅವಳು ವೇಗವಾಗಿದ್ದಳು, ನನಗೂ ಕಾಣುವಷ್ಟು. ಆದರೆ ಕೈ ಚಾಚುವವರಿಗೆ ಅವಳ ಮೇಲೆ ಮನಸ್ಸಿರಲಿಲ್ಲ. ಸ್ಕೇಟಿಂಗ್ ರಿಲೇಯಲ್ಲಿ ಕೋಲಿಲ್ಲ, ಓಡಿ ಬಂದವಳು ಮುಂದಿನವಳ ಕೈ ಮುಟ್ಟಬೇಕು; ಒಂದು ಕೈ ತಪ್ಪಿದರೆ ತಂಡ ಹೊರಗೆ. ನಮಗೆ ಬೇಕಿದ್ದದ್ದು ವೇಗವಲ್ಲ, ಮುಗಿಸುವುದು. ಬೇರಿಂಗ್ ಆದರೆ ಒತ್ತಿ ನೋಡಿ ಹೇಳಬಲ್ಲೆ. ಮಕ್ಕಳನ್ನು ನೋಡಿ ಹೇಳುವ ಕೆಲಸ ನನ್ನದಾಗಿರಲಿಲ್ಲ. ಆದರೂ ಯಾರಾದರೂ ಹೇಳಲೇಬೇಕಿತ್ತು, ಸಂಜೆ ಹತ್ತಿರ ಬರುತ್ತಿತ್ತು.

“ನಾಲ್ಕು ಜನ ಹಳಬರೇ ಓಡಲಿ,” ಎಂದೆ.

ಪುಣಜನೂರಿನ ಹುಡುಗಿ ನನ್ನ ಎದುರು ಬಂದು ಗೋಣಿಯ ಮೇಲೆ ಕೂತು, ಲೇಸು ಬಿಚ್ಚಿ, ಎರಡೂ ಸ್ಕೇಟುಗಳನ್ನು ನನ್ನ ಕಡೆ ತಳ್ಳಿದಳು. ನಾನು ಬೋಲ್ಟು ಬಿಚ್ಚುತ್ತಾ ಹೋದೆ. ಕಳೆದುಹೋಗದ ಹಾಗೆ ಅವಳು ಅವನ್ನು ತನ್ನ ಲಂಗದ ಮಡಿಲಿನಲ್ಲಿ ಹಾಕಿಕೊಳ್ಳುತ್ತಿದ್ದಳು. ತೊಳೆದು ಹಾಳು ಮಾಡಿದವರ ಸ್ಕೇಟಿಗೆ ಹಾಳು ಮಾಡದವಳ ಬೇರಿಂಗ್ ಹಾಕುತ್ತಿದ್ದೆ. ಕಾಲು ತಳ್ಳುವಾಗ ಹಿಮ್ಮಡಿಯ ಕೆಳಗಿನ ಚಕ್ರಕ್ಕೆ ಭಾರ ಹೆಚ್ಚು. ಅದಕ್ಕೆ ಅವಳವನ್ನೇ ಹಾಕಿದೆ. ಆ ನಾಲ್ವರ ಎಂಟು ಕಾಲುಗಳಲ್ಲಿ ಒಂದೂ ಅವಳ ಬೇರಿಂಗ್ ಇಲ್ಲದೆ ಇರಲಿಲ್ಲ. ಬೋಲ್ಟನ್ನು ಬಿಗಿಯಾಗಿ ತಿರುಗಿಸಿ, ಕಾಲು ಸುತ್ತು ಸಡಿಲ ಬಿಟ್ಟೆ. ಹೆಚ್ಚು ಬಿಗಿದರೆ ಒಳ್ಳೆಯ ಬೇರಿಂಗೂ ಕಚ್ಚಿಕೊಂಡು ನಿಲ್ಲುತ್ತದೆ.

ನಾಯಕಿ ಮತ್ತೆ ಓಡಿದಳು. ಅದೇ ತಿರುವು ಬಂತು. ದಾಟಿದಳು. ಮುಖ್ಯೋಪಾಧ್ಯಾಯಿನಿ ಒಳಗೆ ಹೋಗಿ ಅನುಮತಿ ಪತ್ರಕ್ಕೆ ಸಹಿ ಹಾಕಿ ತಂದರು. “ಐದನೆಯವಳನ್ನೂ ಕರ್ಕೊಂಡು ಹೋಗಿ,” ಎಂದರು. “ನೋಡಾದ್ರೂ ನೋಡ್ಲಿ.”

ಮೈಸೂರಿನ ಅಂಕಣದಲ್ಲಿ ನಾನು ಕಂಬಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ನೀರಿನ ಕ್ಯಾನ್ ಹಿಡಿದುಕೊಂಡು ಪುಣಜನೂರಿನವಳು. ಬೇರೆ ತಂಡಗಳ ಚಕ್ರಗಳು ಹಾದುಹೋದರೆ ಗಾಳಿಯ ಸದ್ದು ಮಾತ್ರ. ನಮ್ಮ ಮೊದಲನೆಯವಳು ಹಿಂದೆ ಬಿದ್ದಳು, ಆದರೆ ಸರಿಯಾಗಿ ಓಡಿದಳು. ಎರಡನೆಯವಳು ಹೊರಟು ಒಂದು ಸುತ್ತು ಮುಗಿಸುವಾಗ ನನ್ನ ಕಿವಿಗೆ ಸಣ್ಣ ಕೀರಲು ಸದ್ದು ಬಿತ್ತು. ಗ್ರೀಸ್ ತೊಳೆದ ಹೊಸ ಬೇರಿಂಗು. ಎಣ್ಣೆ ಒಣಗುತ್ತಿತ್ತು. ಪ್ರತಿ ಸುತ್ತಿಗೂ ಸದ್ದು ದೊಡ್ಡದಾಯಿತು.

“ಯಾವ್ದು ಸಾ ಅದು?” ಎಂದು ಹುಡುಗಿ ಪಿಸುಗುಟ್ಟಿದಳು. ಅವಳಿಗೂ ಕೇಳಿಸಿತ್ತು.

“ಬಲಗಾಲು. ಮುಂದಿಂದು.”

“ಇಂದ್ಗಡೆ ನಂದಲ್ವಲ್ಲ?”

“ಅಲ್ಲ.”

ಎರಡನೆಯವಳು ಆ ಕಾಲಿಗೆ ಭಾರ ಹಾಕದೆ ಹೇಗೋ ಎಳೆದುಕೊಂಡು ಬಂದಳು. ಮೂರನೆಯವಳು ಕೈ ಚಾಚಿ ಕಾಯುತ್ತಾ ಸುಮ್ಮನೆ ನಿಂತುಬಿಟ್ಟಿದ್ದಳು. ಪುಣಜನೂರಿನವಳು ಕ್ಯಾನು ಬಿಟ್ಟು ಕಂಬಿಯ ಮೇಲೆ ಬಾಗಿ ಕೂಗಿದಳು: “ಓಡ್ತಾ ಕೈ ಕೊಡಮ್ಮೀ! ನಿಂತ್ಕಂಡ್ರ ಆಗಲ್ಲ, ಓಡ್ತಾ!” ಮೂರನೆಯವಳು ಬೆಚ್ಚಿ ಹೆಜ್ಜೆ ಎತ್ತಿದಳು. ಕೈ ಮುಟ್ಟಿತು. ಕೊನೆಯ ಪಾಳಿ ನಾಯಕಿಯದು. ಮೊಣಕೈಯ ಪಟ್ಟಿಯಿಂದ ರಕ್ತ ಒಸರುತ್ತಿದ್ದರೂ ಒಂದು ತಂಡವನ್ನು ಹಿಂದೆ ಹಾಕಿ ಗುರಿ ಮುಟ್ಟಿದಳು. ಕೊನೆಯಿಂದ ಎರಡನೆಯವರು ನಾವು. ಕ್ಲಬ್ಬಿನ ಹಿರಿಯರು ಬಂದು ನನ್ನ ಕೈ ಹಿಡಿದು, ಸ್ಕೇಟುಗಳು ನಿಮ್ಮಲ್ಲೇ ಇರಲಿ ಎಂದರು.

ಬಸ್ಸಿನಲ್ಲಿ ನಾಲ್ವರೂ ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದರು. ಪುಣಜನೂರಿನವಳು ನನ್ನ ಪಕ್ಕ ಕೂತಿದ್ದಳು. ನಂಜನಗೂಡು ಬಂತು. ನಾನು ಕಿಟಕಿಯ ಆಚೆ ನೋಡಲಿಲ್ಲ. ಊರು ದಾಟಿದ ಮೇಲೆ ಅವಳು ಕೇಳಿದಳು.

“ಸಾ, ಮೇಡಮ್ಮೋರು ಇದ್ದಿದ್ರ ನನ್ನ ಟೀಮಿಂದ ಬುಡ್ತಿದ್ರಾ?”

ಬಿಡುತ್ತಿರಲಿಲ್ಲ ಎಂದು ಹೇಳಿಬಿಡಬಹುದಿತ್ತು. ಅವಳಿಗೆ ಸಮಾಧಾನವಾಗುತ್ತಿತ್ತೋ, ನನ್ನ ಮೇಲೆ ಸಿಟ್ಟು ಬರುತ್ತಿತ್ತೋ. ಬಿಡುತ್ತಿದ್ದರು ಎಂದೂ ಹೇಳಬಹುದಿತ್ತು. ಎರಡೂ ನನಗೆ ಗೊತ್ತಿರಲಿಲ್ಲ.

“ಗೊತ್ತಿಲ್ಲಮ್ಮ,” ಎಂದೆ.

ಮುಂದಿನ ವರ್ಷ ಅವಳು ಓಡಿದಳು. ಹೊಸ ವ್ಯಾಯಾಮ ಶಿಕ್ಷಕಿ ಬಂದಿದ್ದರು, ಒಳ್ಳೆಯವರು. ಬೇರಿಂಗುಗಳು ಈಗಲೂ ನನ್ನ ಅಂಗಡಿಗೇ ಬರುತ್ತವೆ. ಒಂದೊಂದನ್ನೂ ಭಾರ ಹಾಕಿ ನೋಡಿಯೇ ಕಳಿಸುತ್ತೇನೆ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಒಬ್ಬಳೇ. ಅವಳಿಲ್ಲ.